ಹಾಡಿನ ಜೊತೆ ಮರಳಿನ ಚಿತ್ರ: ಬೆಳಕಿನ ಪೆಟ್ಟಿಗೆ ನೀವೇ ಮಾಡಿ

ಬರೆದಿಟ್ಟ ಚಿತ್ರವನ್ನು ನೋಡುವುದು ಬೇರೆ, ಬರೆಯುವುದನ್ನೇ ನೋಡುವುದು ಬೇರೆ. ಶತಾವಧಾನಿ ಆರ್. ಗಣೇಶ್ ಅವರ ಆಶುಕವಿತೆಗೆ ಬಿ.ಕೆ.ಎಸ್. ವರ್ಮಾ ವೇದಿಕೆಯಲ್ಲೇ ಕುಂಚ ಹಿಡಿದು ನಿಂತದ್ದನ್ನು ಕಂಡವರಿಗೆ ಇದರ ಸೊಗಸು ಗೊತ್ತು. 2009ರಲ್ಲಿ ಉಕ್ರೇನಿನ ಟಿ.ವಿ. ಸ್ಪರ್ಧೆಯೊಂದರಲ್ಲಿ ಕ್ಸೆನಿಯಾ ಸಿಮೊನೊವಾ ಬೆಳಗುವ ಗಾಜಿನ ಮೇಲೆ ಮರಳು ಚೆಲ್ಲಿ, ಬೆರಳಲ್ಲೇ ಯುದ್ಧಕಾಲದ ಕತೆ ಹೇಳಿ ಗೆದ್ದರು. ಅಂಥ ಪ್ರಯೋಗಕ್ಕೆ ಬೇಕಾದ ಸಲಕರಣೆಯನ್ನು ಶಾಲೆಯ ಚಿತ್ರಕಲಾ ಮೇಷ್ಟ್ರು, ಹವ್ಯಾಸಿ ನಾಟಕ ತಂಡದವರು, ಯಾರು ಬೇಕಾದರೂ ಮಾಡಿಕೊಳ್ಳಬಹುದು. ಒಂದೇ ಮಾತು ನೆನಪಿರಲಿ: ಗೆರೆ ಹಾಡಿನ ಜೊತೆಗೇ ಪರದೆಗೆ ಬೀಳಬೇಕು. ಕೆಳಗಿನ ಎಲ್ಲ ಹಂತಗಳೂ ಅದಕ್ಕಾಗಿಯೇ.

ಬೇಕಾಗುವ ಸಾಮಾನು

12 ಮಿ.ಮೀ. ಪ್ಲೈವುಡ್, 5 ಮಿ.ಮೀ. ದಪ್ಪದ ಹಾಲುಬಿಳುಪಿನ ಅಕ್ರಿಲಿಕ್ ಹಾಳೆ, 12 ವೋಲ್ಟಿನ ಬಿಳಿ ಎಲ್‌ಇಡಿ ಸ್ಟ್ರಿಪ್ 3 ಮೀಟರ್, ಅದಕ್ಕೆ ಹೊಂದುವ ಅಡಾಪ್ಟರ್, ಯುಎಸ್‌ಬಿ ವೆಬ್‌ಕ್ಯಾಮ್, ಲ್ಯಾಪ್‌ಟಾಪ್, ಪ್ರೊಜೆಕ್ಟರ್, ಎಚ್‌ಡಿಎಂಐ ಕೇಬಲ್.

1. ಪೆಟ್ಟಿಗೆ

ಒಳ ಅಳತೆ 64 ಸೆಂ.ಮೀ. ಉದ್ದ, 36 ಸೆಂ.ಮೀ. ಅಗಲ ಇರಲಿ. ಈಗಿನ ಬಹುತೇಕ ಕ್ಯಾಮೆರಾಗಳ ವಿಡಿಯೊ ಚೌಕಟ್ಟು 16:9 ಆಗಿರುವುದರಿಂದ ಈ ಅಳತೆಯಲ್ಲಿ ಜಾಗ ವ್ಯರ್ಥವಾಗದು. ಆಳ 12 ಸೆಂ.ಮೀ. ಬೇಕು, ಆಳ ಕಡಿಮೆಯಾದರೆ ದೀಪಗಳು ಚುಕ್ಕಿ ಚುಕ್ಕಿಯಾಗಿ ಕಾಣುತ್ತವೆ. ಒಳಗೆಲ್ಲ ಬಿಳಿ ಬಣ್ಣ ಬಳಿಯಿರಿ. ಬಿಸಿ ಹೊರಹೋಗಲು ಪಕ್ಕಗಳಲ್ಲಿ ನಾಲ್ಕಾರು ತೂತು ಕೊರೆಯಿರಿ. ಮುಂದಿನ ಹಂತದಲ್ಲಿ ಹೇಳಿದಂತೆ ದೀಪ ಅಂಟಿಸಿದ ಮೇಲೆ ಅಕ್ರಿಲಿಕ್ ಹಾಳೆಯನ್ನು ಮೇಲೆ ಕೂರಿಸಿ, ಮರಳು ಚೆಲ್ಲದಂತೆ ಸುತ್ತ 2 ಸೆಂ.ಮೀ. ಎತ್ತರದ ಮರದ ಪಟ್ಟಿ ಹೊಡೆಯಿರಿ.

2. ದೀಪ

ಸ್ಟ್ರಿಪ್ಪನ್ನು ಅದರ ಮೇಲಿನ ಗುರುತಿನಲ್ಲೇ ಕತ್ತರಿಸಿ, 60 ಸೆಂ.ಮೀ. ಉದ್ದದ ಐದು ಸಾಲು ಮಾಡಿ. ಪೆಟ್ಟಿಗೆಯ ತಳದಲ್ಲಿ ಏಳು ಸೆಂ.ಮೀ. ಅಂತರಕ್ಕೊಂದರಂತೆ ಅಂಟಿಸಿ. ಎಲ್ಲ ಸಾಲುಗಳ ಪ್ಲಸ್ಸನ್ನು ಒಟ್ಟಿಗೆ, ಮೈನಸ್ಸನ್ನು ಒಟ್ಟಿಗೆ ಜೋಡಿಸಿ. ಮೀಟರಿಗೆ 4.8 ವ್ಯಾಟ್ ಎಳೆಯುವ ಸ್ಟ್ರಿಪ್ಪಾದರೆ ಒಟ್ಟು ಸುಮಾರು 14 ವ್ಯಾಟ್. 2 ಆಂಪಿಯರ್ ಅಡಾಪ್ಟರ್ ಧಾರಾಳ ಸಾಕು. ಮೀಟರಿಗೆ 14.4 ವ್ಯಾಟಿನದಾದರೆ 5 ಆಂಪಿಯರ್ ಬೇಕು. ಅಗ್ಗದ ಡಿಮ್ಮರ್ ಹಾಕಬೇಡಿ. ಅದು ದೀಪವನ್ನು ಕಣ್ಣಿಗೆ ಕಾಣದಷ್ಟು ವೇಗವಾಗಿ ಆರಿಸಿ ಹೊತ್ತಿಸುತ್ತದೆ. ಕ್ಯಾಮೆರಾಕ್ಕೆ ಅದು ಪಟ್ಟೆ ಪಟ್ಟೆಯಾಗಿ ಕಾಣುತ್ತದೆ. ಬೆಳಕು ಹೆಚ್ಚೆನಿಸಿದರೆ ಅಕ್ರಿಲಿಕ್ಕಿನ ಅಡಿಗೆ ಬಟರ್ ಪೇಪರ್ ಹಾಸಿ.

3. ಕ್ಯಾಮೆರಾ

ಕ್ಯಾಮೆರಾ ಮರಳಿಗಿಂತ 50ರಿಂದ 70 ಸೆಂ.ಮೀ. ಮೇಲೆ, ನೇರ ಕೆಳಮುಖವಾಗಿರಲಿ. ಅದರ ಸ್ಟ್ಯಾಂಡ್ ಪೆಟ್ಟಿಗೆಗೂ ಮೇಜಿಗೂ ತಾಗಬಾರದು. ತಾಗಿದರೆ ಕೈ ಊರಿದಾಗಲೆಲ್ಲ ಪರದೆಯ ಚಿತ್ರ ನಡುಗುತ್ತದೆ. ಪಿವಿಸಿ ಪೈಪಿನಲ್ಲಿ ಕಮಾನು ಮಾಡಿ, ಕಾಲುಗಳನ್ನು ಮೇಜಿನ ಆಚೀಚೆ ನೆಲಕ್ಕೇ ಊರಿದರೆ ಒಳ್ಳೆಯದು.

ಈಗ ಬಹಳ ಮುಖ್ಯವಾದ ಕೆಲಸ. ಫೋಕಸ್, ಎಕ್ಸ್‌ಪೋಶರ್, ವೈಟ್ ಬ್ಯಾಲೆನ್ಸ್ ಈ ಮೂರನ್ನೂ 'ಆಟೊ'ದಿಂದ ತೆಗೆದು ಸ್ಥಿರಗೊಳಿಸಿ. ಇಲ್ಲವಾದರೆ ಕೈ ಚೌಕಟ್ಟಿನೊಳಗೆ ಬಂದೊಡನೆ ಕ್ಯಾಮೆರಾ ಗಲಿಬಿಲಿಗೊಂಡು ಇಡೀ ಚಿತ್ರವನ್ನು ಬೆಳಗಿಸುತ್ತದೆ, ಕೈ ತೆಗೆದರೆ ಮಂಕಾಗಿಸುತ್ತದೆ. ಮಿನುಗು ತಡೆಯುವ ಆಯ್ಕೆಯಿದ್ದರೆ ನಮ್ಮ ವಿದ್ಯುತ್ತಿಗೆ ಸರಿಯಾದ 50 ಹರ್ಟ್ಸ್ ಆರಿಸಿ.

4. ಪರದೆಯವರೆಗೆ

ಉಚಿತವಾಗಿ ಸಿಗುವ ಒಬಿಎಸ್ ಸ್ಟುಡಿಯೊ ತಂತ್ರಾಂಶದಲ್ಲಿ ವೆಬ್‌ಕ್ಯಾಮಿನ ಚಿತ್ರ ತೆರೆದು, ಪ್ರೊಜೆಕ್ಟರಿಗೆ ಪೂರ್ಣ ಪರದೆಯಾಗಿ ಕಳಿಸಿ. ತಲೆಕೆಳಗಾಗಿದ್ದರೆ ಅಲ್ಲೇ ತಿರುಗಿಸಬಹುದು. ವೈಫೈ ಮೂಲಕ ಕಳಿಸಬೇಡಿ. ಗೆರೆ ತಡವಾಗಿ ಮೂಡಿ ಹಾಡಿನ ಲಯ ತಪ್ಪುತ್ತದೆ. ಉದ್ದಕ್ಕೂ ಕೇಬಲ್ಲೇ ಇರಲಿ. ಪ್ರೊಜೆಕ್ಟರಿನ ಥ್ರೋ ರೇಶಿಯೊ (ಪರದೆಯ ದೂರಕ್ಕೂ ಚಿತ್ರದ ಅಗಲಕ್ಕೂ ಇರುವ ಅನುಪಾತ) 1.5 ಇದ್ದರೆ 3 ಮೀಟರ್ ಅಗಲದ ಚಿತ್ರಕ್ಕೆ 4.5 ಮೀಟರ್ ದೂರ ಬೇಕು. ಪರದೆಗೆ ಬಿಳಿ ಬಟ್ಟೆಯನ್ನು ಸುಕ್ಕಿಲ್ಲದಂತೆ ಬಿಗಿದು ಕಟ್ಟಿ. ವೇದಿಕೆಯ ದೀಪ ಅದರ ಮೇಲೆ ಬೀಳದಿರಲಿ.

5. ಮರಳು

ನುಣುಪಾದ ಹೊಳೆಮರಳನ್ನು ಜರಡಿ ಹಿಡಿದು, ನೀರು ತಿಳಿಯಾಗುವವರೆಗೆ ತೊಳೆದು, ಬಿಸಿಲಲ್ಲಿ ಒಣಗಿಸಿ. ಸಣ್ಣ ದೂಳು ಶ್ವಾಸಕೋಶಕ್ಕೆ ಕೆಡುಕು, ಅದಕ್ಕಾಗಿ ತೊಳೆಯಲೇಬೇಕು. ಎಂ-ಸ್ಯಾಂಡ್ ಚೂಪಾಗಿರುವುದರಿಂದ ಬೆರಳಿಗೂ ಅಕ್ರಿಲಿಕ್ಕಿಗೂ ಒಗ್ಗದು. ಆಡುವಾಗ ಫ್ಯಾನ್ ಬೇಡ.

6. ಅಭ್ಯಾಸ

ದಪ್ಪ ಮರಳು ಕಪ್ಪು, ತೆಳು ಮರಳು ಕಂದು, ಒರೆಸಿದ ಜಾಗ ಬೆಳಕು. ಎರಚುವುದು, ಬೆರಳಲ್ಲಿ ಗೀರುವುದು, ಅಂಗೈ ಬದಿಯಲ್ಲಿ ಸರಿಸುವುದು, ಮುಷ್ಟಿಯಿಂದ ಎಳೆಯಾಗಿ ಸುರಿಸುವುದು: ಈ ನಾಲ್ಕು ಪಟ್ಟುಗಳನ್ನು ಮೊದಲು ಕೈಗೆ ಕೂರಿಸಿಕೊಳ್ಳಿ. ಆಮೇಲೆ ನಾಲ್ಕು ನಿಮಿಷದ ಹಾಡೊಂದನ್ನು ಆರಿಸಿ, ಆರೇಳು ಚಿತ್ರಗಳಾಗಿ ಒಡೆಯಿರಿ. ಒಂದನ್ನು ಪೂರ್ತಿ ಅಳಿಸಿ ಇನ್ನೊಂದನ್ನು ಬರೆಯಬೇಡಿ. ಬೆಟ್ಟದ ಗೆರೆಯೇ ಮಲಗಿದ ಹೆಂಗಸಾಗಲಿ, ಹೊಳೆಯೇ ಜಡೆಯಾಗಲಿ. ಈ ಮಾರ್ಪಾಟೇ ಕಲೆಯ ಜೀವ.

ಮರಳಿನಲ್ಲಿ ಕೈ ಕುದುರಿದ ಮೇಲೆ ಅಂಚಿರುವ ಗಾಜಿನ ತಟ್ಟೆಯಿಟ್ಟು ನೀರು, ಎಣ್ಣೆ, ತಿನಿಸಿನ ಬಣ್ಣಗಳನ್ನೂ ಆಡಿಸಬಹುದು. 1960ರ ದಶಕದ ಕೊನೆಯಲ್ಲಿ ನ್ಯೂಯಾರ್ಕಿನ ಫಿಲ್‌ಮೋರ್ ಈಸ್ಟ್ ರಂಗದಲ್ಲಿ ಜೋಶುವಾ ಲೈಟ್ ಶೋ ತಂಡ ರಾಕ್ ಸಂಗೀತಕ್ಕೆ ಇಂಥದೇ ಬಣ್ಣದೋಕುಳಿ ಎರೆದಿತ್ತು. ದ್ರವ ಬಳಸುವ ದಿನ ಅಡಾಪ್ಟರ್ ಮತ್ತು ಪ್ಲಗ್ಗುಗಳನ್ನು ದೂರವಿಟ್ಟು, ನೀರು ತಾಗದಂತೆ ಎತ್ತರದಲ್ಲಿ ಇಡಿ.

ಪ್ರದರ್ಶನಕ್ಕೆ ಮುನ್ನ ಹಾಡುಗಾರರ ಜೊತೆ ಕತ್ತಲೆ ಕೋಣೆಯಲ್ಲಿ ಒಮ್ಮೆಯಾದರೂ ಪೂರ್ತಿ ತಾಲೀಮು ನಡೆಸಿ. ಆಗ ನಿಮ್ಮ ಕಣ್ಣು ಪರದೆಯ ಮೇಲಿರದೆ ಮರಳಿನ ಮೇಲೇ ಇರಲಿ, ಕಿವಿ ಹಾಡಿನಲ್ಲಿರಲಿ. ಪರದೆಯನ್ನು ನೋಡಿಕೊಳ್ಳಲು ಗೆಳೆಯರೊಬ್ಬರನ್ನು ಲ್ಯಾಪ್‌ಟಾಪಿನ ಮುಂದೆ ಕೂರಿಸಿ.