ಮಾತು ಕತ್ತರಿಸಿದಾಗ

ನಮ್ಮ ಕಡೆಯ ದೊಡ್ಡಾಟದಲ್ಲಿ ರಾಕ್ಷಸ ಎಷ್ಟೇ ಅಬ್ಬರಿಸಿ ಬರಲಿ, ಸಾರಥಿ ಅವನ ಹೆಸರು, ಬಂದ ಕಾರಣ ಕೇಳುತ್ತಾನೆ. ರಾಕ್ಷಸನೂ ತನ್ನ ಕಥೆ ಹೇಳಿಕೊಳ್ಳುತ್ತಾನೆ. ಆ ಅವಕಾಶ ತಪ್ಪಿದರೆ ಏನಾಗುತ್ತದೆ? ಹಾಲಿವುಡ್‌ನ ಒಂದು ಕಪ್ಪು-ಬಿಳುಪು ಚಿತ್ರ ಇದಕ್ಕೆ ಉದಾಹರಣೆ.

ಯೂನಿವರ್ಸಲ್ ಸಂಸ್ಥೆ 1931ರಲ್ಲಿ 'ಡ್ರಾಕುಲಾ' ಹಾಗೂ 'ಫ್ರಾಂಕನ್‌ಸ್ಟೈನ್', 1941ರಲ್ಲಿ 'ದಿ ವುಲ್ಫ್ ಮ್ಯಾನ್' ಚಿತ್ರಗಳನ್ನು ತೆಗೆಯಿತು. 1943ರಲ್ಲಿ 'ಫ್ರಾಂಕನ್‌ಸ್ಟೈನ್ ಮೀಟ್ಸ್ ದಿ ವುಲ್ಫ್ ಮ್ಯಾನ್' ಚಿತ್ರದಲ್ಲಿ ತೋಳಮಾನವನನ್ನೂ ದೈತ್ಯನನ್ನೂ ಒಟ್ಟಿಗೆ ತಂದಿತು. ನೆನಪಿಡಿ: ಫ್ರಾಂಕನ್‌ಸ್ಟೈನ್ ಎಂಬುದು ದೈತ್ಯನ ಹೆಸರಲ್ಲ, ಅವನನ್ನು ಸೃಷ್ಟಿಸಿದ ವಿಜ್ಞಾನಿಯದು.

ಇದರ ಹಿಂದಿನ, 1942ರ ಚಿತ್ರದಲ್ಲಿ ದೈತ್ಯನಿಗೆ ಬೇರೊಬ್ಬನ ಮಿದುಳು ಜೋಡಿಸುತ್ತಾರೆ. ರಕ್ತದ ಗುಂಪು ಹೊಂದದೆ ಅವನ ಕಣ್ಣು ಹೋಗುತ್ತದೆ. ಆದ್ದರಿಂದಲೇ 1943ರ ಚಿತ್ರದಲ್ಲಿ ದೈತ್ಯನ ಪಾತ್ರ ವಹಿಸಿದ ಬೆಲಾ ಲುಗೋಸಿ, ಕೈ ಮುಂದಕ್ಕೆ ಚಾಚಿ ತಡಕಾಡುತ್ತ ನಡೆದರು. ತನಗೆ ಕಣ್ಣು ಕಾಣದೆಂದು ದೈತ್ಯ ಹೇಳುವ ಮಾತೂ ಇತ್ತು. ಆದರೆ ಸಂಕಲನದಲ್ಲಿ ಅವನ ಮಾತುಗಳನ್ನೆಲ್ಲ ಕತ್ತರಿಸಿದರು. ಕಾರಣ ಹೋಯಿತು, ನಡಿಗೆ ಮಾತ್ರ ಉಳಿಯಿತು. ನೋಡಿದವರಿಗೆ ಅದು ಕೆಟ್ಟ ನಟನೆಯಂತೆ ಕಂಡಿತು. ಇಂದಿಗೂ ಆ ದೈತ್ಯನನ್ನು ಅಣಕಿಸುವವರು ಕೈ ಚಾಚಿಯೇ ನಡೆಯುತ್ತಾರೆ.

ವಾಕ್ಯದಿಂದ 'ಏಕೆಂದರೆ' ಎಂಬ ಭಾಗ ತೆಗೆದರೆ ಅರ್ಥ ಕೆಡುವಂತೆ, ದೃಶ್ಯದಿಂದ ಕಾರಣ ತೆಗೆದರೂ ಅರ್ಥ ಕೆಡುತ್ತದೆ. ಮೊಬೈಲಿನಲ್ಲಿ ಬರುವ ತುಂಡು ವಿಡಿಯೋ ನೋಡುವಾಗ ಇದು ನೆನಪಿರಲಿ. ತರಗತಿಯಲ್ಲಿ ಒಬ್ಬರ ನಡೆ ನುಡಿ ವಿಚಿತ್ರವೆನಿಸಿದಾಗಲೂ ಅಷ್ಟೆ. ನಗುವ ಮುನ್ನ ಸಾರಥಿಯಂತೆ ಒಮ್ಮೆ ಕೇಳೋಣ.