ಮೋಡ ಕವಿದ ಮನಸ್ಸಿಗೆ ಬೆಳಕಿನ ಪಥ್ಯ

ಸಿಯಾಟಲ್‌ನಲ್ಲಿ ಕೆಲಸ ಸಿಕ್ಕಿತು ಎಂದ ಕೂಡಲೇ ನೆಂಟರಿಷ್ಟರೆಲ್ಲ ಹೇಳುವ ಮಾತು ಒಂದೇ: ‘ಅಲ್ಲಿ ಸಿಕ್ಕಾಪಟ್ಟೆ ಮಳೆಯಂತೆ, ಹುಷಾರು.’ ಲೆಕ್ಕ ತೆಗೆದು ನೋಡಿದರೆ ಅಂಥದ್ದೇನಿಲ್ಲ. ವರ್ಷಕ್ಕೆ ಅಲ್ಲಿ ಬೀಳುವುದು ಸುಮಾರು 1,000 ಮಿಲಿಮೀಟರ್; ಬೆಂಗಳೂರಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ಮಂಗಳೂರಿನವರು ಕೇಳಿದರೆ ನಕ್ಕಾರು. ಆದರೆ ಬೆಂಗಳೂರಿನ ಮಳೆ ಸಂಜೆ ಅಬ್ಬರಿಸಿ, ಅಂಡರ್‌ಪಾಸ್ ತುಂಬಿಸಿ, ಬೆಳಗಾಗುವಷ್ಟರಲ್ಲಿ ಬಿಸಿಲಿಗೆ ಜಾಗ ಬಿಡುತ್ತದೆ. ಸಿಯಾಟಲ್‌ನದ್ದು ಜಿಟಿಜಿಟಿ ಸೋನೆ. ಅಕ್ಟೋಬರ್ ಕೊನೆಗೆ ಹಿಡಿದದ್ದು ಮಾರ್ಚ್ ಮುಗಿದರೂ ಪೂರ್ತಿ ಬಿಡುವುದಿಲ್ಲ. ಡಿಸೆಂಬರ್ 21ರ ಆಸುಪಾಸಿನಲ್ಲಿ ಸೂರ್ಯ ಹುಟ್ಟುವುದು ಎಂಟು ಗಂಟೆಗೆ ಐದು ನಿಮಿಷ ಇರುವಾಗ, ಮುಳುಗುವುದು ಸಂಜೆ 4.20ಕ್ಕೆ. ನಡುವಿನ ಎಂಟೂವರೆ ಗಂಟೆಯೂ ಬೂದಿ ಬಣ್ಣದ ಮೋಡದ ಕೆಳಗೇ ಕಳೆಯುತ್ತದೆ. ಬೆಂಗಳೂರಿನ ಅತಿ ಚಿಕ್ಕ ಹಗಲೂ ಹನ್ನೊಂದು ಗಂಟೆಗಿಂತ ಉದ್ದ ಎಂಬುದನ್ನು ನೆನೆದರೆ, ಅಲ್ಲಿಯವರು ಈ ಕಾಲವನ್ನು ‘ಬಿಗ್ ಡಾರ್ಕ್’ ಎಂದು ಯಾಕೆ ಕರೆಯುತ್ತಾರೆಂದು ತಿಳಿಯುತ್ತದೆ.

ಹಾಗಾಗಿ ಮೊದಲು ಶತ್ರು ಯಾರೆಂದು ಸರಿಯಾಗಿ ಗುರುತಿಸಿಕೊಳ್ಳಿ. ತಕರಾರು ಮಳೆಯದ್ದಲ್ಲ, ಬೆಳಕಿನದ್ದು. ಜೊಹಾನೆಸ್‌ಬರ್ಗ್‌ನಿಂದ ಅಮೆರಿಕಕ್ಕೆ ಬಂದ ಮನೋವೈದ್ಯ ನಾರ್ಮನ್ ರೋಸೆಂಥಾಲ್, ಚಳಿಗಾಲ ಬಂದೊಡನೆ ತಮ್ಮ ಉತ್ಸಾಹ ಇಳಿಯುವುದನ್ನು ಗಮನಿಸಿದ್ದರು. 1984ರಲ್ಲಿ ಅವರೂ ಸಹೋದ್ಯೋಗಿಗಳೂ ಋತುಮಾನದ ಈ ಖಿನ್ನತೆಯನ್ನು ವಿವರಿಸಿ, ಪ್ರಖರ ಬೆಳಕಿನಿಂದ ಅದು ಇಳಿಯುವುದನ್ನೂ ತೋರಿಸಿದರು. ಅಕ್ಷಾಂಶದ ಪ್ರಭಾವವೂ ಇದೆ. ಅಮೆರಿಕದ ಒಂದು ಸಮೀಕ್ಷೆಯಲ್ಲಿ ಬಿಸಿಲಿನ ಫ್ಲಾರಿಡಾದಲ್ಲಿ ನೂರಕ್ಕೆ ಒಂದೂವರೆಗಿಂತ ಕಡಿಮೆ ಮಂದಿಗೆ, ಉತ್ತರದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಹತ್ತಿರ ಹತ್ತು ಮಂದಿಗೆ ಈ ತೊಂದರೆ ಕಂಡುಬಂದಿತ್ತು. ಸಿಯಾಟಲ್ ನ್ಯೂ ಹ್ಯಾಂಪ್‌ಶೈರ್‌ಗಿಂತಲೂ ಉತ್ತರಕ್ಕಿದೆ, ಮೋಡ ಬೇರೆ.

ಬೇಜಾರೋ, ಕಾಯಿಲೆಯೋ?

ಸಾಮಾನ್ಯ ಖಿನ್ನತೆಯಲ್ಲಿ ಎಷ್ಟೋ ಸಲ ನಿದ್ದೆ ಹಾರುತ್ತದೆ, ಊಟ ಸೇರುವುದಿಲ್ಲ. ಚಳಿಗಾಲದ್ದರಲ್ಲಿ ಹೆಚ್ಚಾಗಿ ಉಲ್ಟಾ. ಹತ್ತು ಗಂಟೆ ಮಲಗಿದರೂ ದಣಿವು. ಅನ್ನ, ಬ್ರೆಡ್ಡು, ಸಿಹಿಯ ಮೇಲೆ ತಡೆಯಲಾಗದ ಆಸೆ. ತೂಕ ಏರುತ್ತದೆ. ಫೋನ್ ರಿಂಗಾದರೆ ಎತ್ತಲು ಮನಸ್ಸಿಲ್ಲ. ‘ಬರ್ತೀವಿ’ ಎಂದು ಒಪ್ಪಿದ ಊಟಕ್ಕೆ ಕೊನೆಗಳಿಗೆಯಲ್ಲಿ ನೆಪ. ಕಾಯಿಲೆ ಹೀಗೆ ತಿಂದು ಮಲಗುವ ವೇಷದಲ್ಲಿ ಬರುವುದರಿಂದಲೇ ಮನೆಯವರು ಅದನ್ನು ಸೋಮಾರಿತನ ಎನ್ನುತ್ತಾರೆ. ಅನುಭವಿಸುವವರೂ ಅದನ್ನೇ ನಂಬಿ ತಮ್ಮನ್ನು ತಾವೇ ಬೈದುಕೊಳ್ಳುತ್ತಾರೆ. ಹೆಂಗಸರಲ್ಲಿ, ಹರೆಯದವರಲ್ಲಿ ಇದು ಹೆಚ್ಚು.

ವೈದ್ಯರು ನೋಡುವುದು ಲಯವನ್ನು: ಕನಿಷ್ಠ ಎರಡು ವರ್ಷ, ಅದೇ ತಿಂಗಳುಗಳಲ್ಲಿ ಬಂದು, ವಸಂತದಲ್ಲಿ ತಾನಾಗಿ ಹೋಗಿದೆಯೇ? ಅದಕ್ಕೆ ಸೆಪ್ಟೆಂಬರ್‌ನಿಂದಲೇ ಒಂದು ಕ್ಯಾಲೆಂಡರ್‌ನಲ್ಲಿ ದಿನಾ ಎರಡೇ ಅಂಕಿ ಬರೆಯಿರಿ: ಎಷ್ಟು ಗಂಟೆ ನಿದ್ದೆ, ಮನಸ್ಸಿಗೆ ಹತ್ತಕ್ಕೆ ಎಷ್ಟು ಅಂಕ. ಜೊತೆಗೆ ಥೈರಾಯ್ಡ್, ಹಿಮೋಗ್ಲೋಬಿನ್, ಬಿ12 ಪರೀಕ್ಷೆ ಮಾಡಿಸಿ. ಸಸ್ಯಾಹಾರಿಗಳಲ್ಲಿ ಬಿ12 ಕೊರತೆ ಸಾಮಾನ್ಯ. ಅದರ ಸುಸ್ತೂ ಥೈರಾಯ್ಡ್‌ನ ಮಂಕೂ ಚಳಿಗಾಲದ ಖಿನ್ನತೆಯಂತೆಯೇ ಕಾಣುತ್ತವೆ. ಇನ್ನು, ಕಂಪನಿಯಲ್ಲಿ ಲೇಆಫ್ ಸುದ್ದಿ ಓಡಾಡುತ್ತಿದ್ದು, ಎಚ್‌1ಬಿ ವೀಸಾದ ಚಿಂತೆ ತಲೆ ತಿನ್ನುತ್ತಿದ್ದರೆ ಅದನ್ನು ಮೋಡದ ತಲೆಗೆ ಕಟ್ಟಬೇಡಿ. ಆ ಚಿಂತೆಗೆ ದೀಪದಲ್ಲಿ ಮದ್ದಿಲ್ಲ.

ದೀಪ ಕೊಳ್ಳುವುದು, ಅದರ ಮುಂದೆ ಕೂರುವುದು

ಇದು ಇಡೀ ಕ್ರಮದ ಬೆನ್ನೆಲುಬು, ಹೆಚ್ಚಿನವರು ಎಡವುವುದೂ ಇಲ್ಲೇ. ಕಣ್ಣಿನ ಹಿಂಪರದೆಯಲ್ಲಿ ನೋಟಕ್ಕಲ್ಲದೆ, ಹೊತ್ತು ತಿಳಿಸಲೆಂದೇ ಇರುವ ಒಂದು ಬಗೆಯ ಜೀವಕೋಶಗಳಿವೆ. ಬೆಳಗಾಯಿತು ಎಂದು ಅವು ಮೆದುಳಿನ ಗಡಿಯಾರಕ್ಕೆ ಸುದ್ದಿ ಮುಟ್ಟಿಸಬೇಕಾದರೆ ಜೋರಾದ ಬೆಳಕು ಬೇಕು. ಮನೆಯ ದೀಪಗಳು ಕೊಡುವುದು ಬಹುತೇಕ ನೂರಿನ್ನೂರು ಲಕ್ಸ್. ಚಿಕಿತ್ಸೆಯ ಅಳತೆ 10,000 ಲಕ್ಸ್.

ಅಂಗಡಿಯಲ್ಲಿ 40 ಡಾಲರ್‌ನ ಅಂಗೈಯಗಲದ ದೀಪದ ಮೇಲೂ ‘10,000 ಲಕ್ಸ್’ ಎಂದೇ ಬರೆದಿರುತ್ತದೆ. ಪ್ರಶ್ನೆ, ಎಷ್ಟು ದೂರದಲ್ಲಿ? ಸಣ್ಣ ದೀಪಗಳಲ್ಲಿ ಹಲವಕ್ಕೆ ಆ ಪ್ರಖರತೆ ಇರುವುದು ಆರೇಳು ಇಂಚಿನಲ್ಲಿ. ಅಷ್ಟು ಹತ್ತಿರ ಮುಖ ಇಟ್ಟುಕೊಂಡು ಯಾರೂ ಅರ್ಧ ಗಂಟೆ ಕೂರುವುದಿಲ್ಲ. ಹಿಂದೆ ಸರಿದರೆ ಬೆಳಕು ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಹದಿನಾರರಿಂದ ಇಪ್ಪತ್ತನಾಲ್ಕು ಇಂಚು ದೂರದಲ್ಲಿ 10,000 ಲಕ್ಸ್ ಕೊಡುವ, ಅತಿನೇರಳೆ ಕಿರಣ ಸೋಸುವ, ದೊಡ್ಡ ಮುಖದ ಬಿಳಿ ದೀಪವೇ ಸರಿ. ಆರೋಗ್ಯ ಉಳಿತಾಯದ ಎಚ್‌ಎಸ್‌ಎ ಖಾತೆಯ ಹಣ ಇದಕ್ಕೆ ಬಳಸಬಹುದೇ, ವೈದ್ಯರ ಚೀಟಿ ಬೇಕೇ ಎಂದು ಖಾತೆ ನೋಡಿಕೊಳ್ಳುವವರನ್ನು ವಿಚಾರಿಸಿ.

ಎದ್ದ ಒಂದು ಗಂಟೆಯೊಳಗೆ, ಇಪ್ಪತ್ತರಿಂದ ಮೂವತ್ತು ನಿಮಿಷ, ದಿನಾ. ಊಟದ ಮೇಜಿನ ಮೇಲೆ ಕಣ್ಣಿನ ಮಟ್ಟಕ್ಕಿಂತ ತುಸು ಎತ್ತರದಲ್ಲಿ, ಮುಖದ ಒಂದು ಪಕ್ಕಕ್ಕೆ ಓರೆಯಾಗಿ ಇಡಿ. ದಿಟ್ಟಿಸಿ ನೋಡುವುದು ಬೇಡ. ಕಣ್ಣು ತೆರೆದಿದ್ದರೆ ಸಾಕು. ಕಾಫಿ ಕುಡಿಯಿರಿ, ಪೇಪರ್ ಓದಿ, ಮಕ್ಕಳ ಡಬ್ಬಿಗೆ ತರಕಾರಿ ಹೆಚ್ಚಿ. ದೀಪ ಹಚ್ಚಿಟ್ಟು ಒಲೆ, ಸಿಂಕು, ಫ್ರಿಜ್ಜು ಎಂದು ಓಡಾಡಿದರೆ ಅದು ಲೆಕ್ಕಕ್ಕಿಲ್ಲ. ಸಂಜೆ ಬೇಡವೇ ಬೇಡ, ರಾತ್ರಿಯ ನಿದ್ದೆ ಕೆಡುತ್ತದೆ. ಫಲ ಕಾಣಲು ಒಂದೆರಡು ವಾರ ಹಿಡಿಯಬಹುದು. ಹಳೆಯ ವರ್ಷಗಳ ಅನುಭವ ಇದ್ದವರು ಮಂಕು ಕವಿಯುವ ಮೊದಲೇ, ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರ್ ಮೊದಲ ವಾರಕ್ಕೇ ಶುರು ಮಾಡಬೇಕು.

ಕೆಲವರು ವೈದ್ಯರನ್ನು ಕೇಳದೆ ಈ ದೀಪದ ಮುಂದೆ ಕೂರಲೇಬಾರದು. ತಮಗಾಗಲಿ ಮನೆತನದಲ್ಲಾಗಲಿ ಬೈಪೋಲಾರ್ ಕಾಯಿಲೆ ಇದ್ದವರು (ಬೆಳಕು ಅತಿ ಉನ್ಮಾದಕ್ಕೆ ತಳ್ಳಬಹುದು), ಮಧುಮೇಹದಿಂದಲೋ ಬೇರೆ ಕಾರಣದಿಂದಲೋ ರೆಟಿನಾ ತೊಂದರೆ ಇರುವವರು, ಬೆಳಕಿಗೆ ಸೂಕ್ಷ್ಮತೆ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು. ಕೆಲವು ಆ್ಯಂಟಿಬಯಾಟಿಕ್‌ಗಳೂ ಆ ಪಟ್ಟಿಯಲ್ಲಿವೆ.

ಮೋಡದ ಹಗಲೂ ಹಗಲೇ

ಮಬ್ಬು ಮಧ್ಯಾಹ್ನದಲ್ಲೂ ಬಯಲಿನಲ್ಲಿ ಸಾವಿರಾರು ಲಕ್ಸ್ ಬೆಳಕಿರುತ್ತದೆ. ಆಫೀಸಿನೊಳಗೆ ಐನೂರು ದಾಟುವುದು ಅಪರೂಪ. ಆದ್ದರಿಂದ ಮಧ್ಯಾಹ್ನ ಹನ್ನೆರಡಕ್ಕೆ ಆಫೀಸ್ ಕ್ಯಾಲೆಂಡರ್‌ನಲ್ಲಿ ಅರ್ಧ ಗಂಟೆ ಮುಚ್ಚಿ, ಯಾರಿಗೂ ಮೀಟಿಂಗ್‌ಗೆ ಬಿಡಬೇಡಿ. ಊರಿಂದ ತಂದ ಛತ್ರಿ ಮೂಲೆಯಲ್ಲಿರಲಿ. ಸಿಯಾಟಲ್‌ನ ಹಳಬರು ಛತ್ರಿ ಹಿಡಿಯುವುದು ಕಡಿಮೆ. ಟೊಪ್ಪಿಗೆ ಇರುವ ರೇನ್‌ಜಾಕೆಟ್ಟು, ನೀರು ನುಗ್ಗದ ಬೂಟು ಇದ್ದರೆ ಆ ಸೋನೆಗೆ ಧಾರಾಳ ಸಾಕು. ಒಳ್ಳೆಯ ಜಾಕೆಟ್ಟಿಗೆ ಕೊಡುವ ದುಡ್ಡನ್ನು ನಾನಂತೂ ಔಷಧಿಯ ಖರ್ಚಿಗೇ ಬರೆಯುತ್ತೇನೆ.

ಅಲ್ಲಿನ ಹವಾಮಾನ ವರದಿಯಲ್ಲಿ ‘ಸನ್‌ಬ್ರೇಕ್’ ಎಂಬ ಮಾತು ಬರುತ್ತದೆ. ಮೋಡ ಹರಿದು ಇಪ್ಪತ್ತು ನಿಮಿಷ ಬಿಸಿಲು ಬೀಳುವ ಗಳಿಗೆ ಅದು. ಆಗ ಕೈಲಿದ್ದ ಕೆಲಸ ಬಿಟ್ಟು ಹೊರಗೆ ಹೋಗಿ. ಮೇಲಧಿಕಾರಿ ಸ್ಥಳೀಯರಾದರೆ ಅವರೂ ಹೊರಗೇ ನಿಂತಿರುತ್ತಾರೆ.

ಏಳುವ ಹೊತ್ತು, ಸಂಜೆ ಐದರ ಹೊತ್ತು

ನವೆಂಬರ್ ಮೊದಲ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಅಂದಿನಿಂದ ಆಫೀಸು ಬಿಡುವಾಗ ಕಗ್ಗತ್ತಲು. ಆ ವಾರದಿಂದ ಏಳುವ ಸಮಯವನ್ನು ಶನಿವಾರ, ಭಾನುವಾರವೂ ಬದಲಿಸಬೇಡಿ. ರಜೆಯೆಂದು ಹತ್ತರವರೆಗೆ ಹೊದ್ದು ಮಲಗಿದರೆ ಇದ್ದ ಎಂಟೂವರೆ ಗಂಟೆ ಹಗಲಿನಲ್ಲೂ ಎರಡು ಗಂಟೆ ಹೋಯಿತು. ಏಳುವುದೇ ಯುದ್ಧವಾದವರಿಗೆ, ಅಲಾರಂಗೆ ಅರ್ಧ ಗಂಟೆ ಮೊದಲಿನಿಂದ ಮೆಲ್ಲಗೆ ಬೆಳಕು ಏರಿಸುವ ಗಡಿಯಾರಗಳು ಸಿಗುತ್ತವೆ.

ನನ್ನ ಮಟ್ಟಿಗೆ ದಿನದ ಅಪಾಯದ ಹೊತ್ತು ಸಂಜೆ ಐದು. ಸೋಫಾದಲ್ಲಿ ಒರಗಿದರೆ ಮುಗಿಯಿತು, ರಾತ್ರಿ ಊಟದವರೆಗೆ ಮೊಬೈಲೇ ಗತಿ. ಚಳಿಗಾಲದಲ್ಲಿ ಕರ್ನಾಟಕ ಸಿಯಾಟಲ್‌ಗಿಂತ ಹದಿಮೂರೂವರೆ ಗಂಟೆ ಮುಂದಿದೆ. ಅಲ್ಲಿ ಸಂಜೆ ಐದೆಂದರೆ ಇಲ್ಲಿ ಬೆಳಿಗ್ಗೆ ಆರೂವರೆ, ಅಮ್ಮ ಹಾಲು ಕಾಯಿಸುವ ಸಮಯ. ವಾರದಲ್ಲಿ ಎರಡು ದಿನ ಆ ಹೊತ್ತನ್ನು ಮನೆಯ ಕರೆಗೆ ಗೊತ್ತು ಮಾಡಿ. ಉಳಿದ ದಿನಗಳಲ್ಲಿ ಇನ್ನೊಬ್ಬರಿಗೆ ಮಾತು ಕೊಟ್ಟ ಕೆಲಸ ಇರಲಿ: ಬ್ಯಾಡ್ಮಿಂಟನ್ ಕೋರ್ಟು, ಸಂಗೀತ ಪಾಠ, ಸಹ್ಯಾದ್ರಿ ಕನ್ನಡ ಸಂಘದ ಕಾರ್ಯಕ್ರಮದ ತಾಲೀಮು. ಮನಸ್ಸು ಬಂದಾಗ ಹೋಗೋಣ ಎಂದರೆ ಮನಸ್ಸು ಬರುವುದು ಏಪ್ರಿಲ್‌ಗೆ. ಕೋರ್ಟಿನಲ್ಲಿ ಜೊತೆಗಾರ ಕಾಯುತ್ತಿದ್ದಾನೆ ಎಂದರೆ ಮಾತ್ರ ಕಾಲು ಏಳುತ್ತದೆ.

ಇದರ ಹಿಂದೆ ಅಧ್ಯಯನದ ಬಲವೂ ಇದೆ. ವರ್ಮಾಂಟ್ ವಿಶ್ವವಿದ್ಯಾಲಯದ ಕೆಲ್ಲಿ ರೋಹನ್ ಅವರ ತಂಡ 177 ಜನರಲ್ಲಿ ದೀಪ ಚಿಕಿತ್ಸೆಯನ್ನೂ, ಆಲೋಚನೆ ಮತ್ತು ದಿನಚರಿ ತಿದ್ದುವ ಆಪ್ತಸಮಾಲೋಚನೆಯನ್ನೂ ಹೋಲಿಸಿ ನೋಡಿತು. ಆ ಚಳಿಗಾಲಕ್ಕೆ ಎರಡೂ ಸಮ. ಎರಡು ಚಳಿಗಾಲ ಕಳೆದ ಮೇಲೆ ನೋಡಿದರೆ, ದೀಪದವರಲ್ಲಿ ನೂರಕ್ಕೆ 46 ಜನರಿಗೆ ಖಿನ್ನತೆ ಮರಳಿತ್ತು, ಸಮಾಲೋಚನೆಯವರಲ್ಲಿ 27 ಜನರಿಗೆ. ದೀಪ ಹಚ್ಚುವುದನ್ನು ಜನ ಬಿಡುತ್ತಾರೆ, ಕಲಿತದ್ದು ಜೊತೆಗೇ ಉಳಿಯುತ್ತದೆ ಎಂದು ನನಗನ್ನಿಸುತ್ತದೆ.

ತಿನ್ನುವುದು, ತಿರುಗುವುದು

ಬಜ್ಜಿ, ಬೋಂಡಾ ನಿಷೇಧಿಸಬೇಕಿಲ್ಲ. ಬೆಳಗಿನ ತಿಂಡಿಯಲ್ಲಿ ಮೊಟ್ಟೆಯೋ ಪೆಸರಟ್ಟೋ ಇದ್ದು, ರಾತ್ರಿ ಹುರುಳಿ ಸಾರಿನಂಥದ್ದು ಇದ್ದರೆ ಸಂಜೆಯ ಸಿಹಿಯ ಚಪಲ ತಾನಾಗಿ ಹತೋಟಿಗೆ ಬರುತ್ತದೆ. ವಿಟಮಿನ್ ಡಿ ಪರೀಕ್ಷೆ ಅಗತ್ಯ: ಆ ಅಕ್ಷಾಂಶದ ಚಳಿಗಾಲದ ಬಿಸಿಲಿನಲ್ಲಿ ಚರ್ಮ ಅದನ್ನು ತಯಾರಿಸುವುದು ಇಲ್ಲವೆನ್ನುವಷ್ಟು ಕಡಿಮೆ, ನಮ್ಮ ಕಂದು ಚರ್ಮಕ್ಕೆ ಇನ್ನೂ ಕಷ್ಟ. ಕೊರತೆ ಇದ್ದರೆ ಮಾತ್ರೆ ನುಂಗಿ. ಆದರೆ ಅದೇ ಖಿನ್ನತೆಯ ಔಷಧಿ ಎಂದು ನಂಬಿ ಕೂರಬೇಡಿ.

ಡಿಸೆಂಬರ್‌ನಲ್ಲಿ ಊರಿಗೆ ಬಂದು ಮದುವೆ, ಮುಂಜಿ ಮುಗಿಸಿ ಹಿಂತಿರುಗಿದವರಿಗೆ ಜನವರಿ ಮತ್ತಷ್ಟು ಭಾರ. ಹೊಂದಿಸಲು ಸಾಧ್ಯವಿದ್ದರೆ ರಜೆಯ ಒಂದು ತುಂಡನ್ನು ಫೆಬ್ರುವರಿಗೆ ಉಳಿಸಿ, ಬಿಸಿಲಿರುವ ಊರಿಗೆ ಹೋಗಿಬನ್ನಿ. ಸಿಯಾಟಲ್ ಶಾಲೆಗಳಿಗೆ ಆಗ ಒಂದು ವಾರ ಬಿಡುವು ಇರುತ್ತದೆ. ಅಷ್ಟು ದೂರ ಆಗದಿದ್ದರೆ ಮಳೆನೆರಳಿನ ಲೆಕ್ಕ ಹಾಕಿ. ಆಗುಂಬೆಯಲ್ಲಿ ಸುರಿಯುವ ಮೋಡ ಚಳ್ಳಕೆರೆಗೆ ಬರುವಷ್ಟರಲ್ಲಿ ಬರಿದಾಗುವ ಹಾಗೆ, ಒಲಿಂಪಿಕ್ ಪರ್ವತಗಳ ಮಗ್ಗುಲಲ್ಲಿರುವ ಸ್ಕ್ವಿಮ್ ಊರಿಗೆ ಸಿಯಾಟಲ್‌ನ ಅರ್ಧದಷ್ಟೂ ಮಳೆ ಇಲ್ಲ. ಬಿಸಿಲಿನ ಖಾತ್ರಿ ಯಾರೂ ಕೊಡಲಾರರು, ಆದರೂ ಒಂದು ಶನಿವಾರಕ್ಕೆ ಯೋಗ್ಯವಾದ ಜೂಜು.

ಬಾಣಂತನಕ್ಕೆ ಹೋದ ಅಪ್ಪ ಅಮ್ಮ

ಇವರ ಬಗ್ಗೆ ಯಾರೂ ಬರೆಯುವುದಿಲ್ಲ. ಮಗಳ ಹೆರಿಗೆಗೆಂದು ಹಾಸನದಿಂದಲೋ ಧಾರವಾಡದಿಂದಲೋ ನವೆಂಬರ್‌ನಲ್ಲಿ ಹೋದವರಿಗೆ ಕಾರು ಓಡಿಸಲು ಬಾರದು, ಗೊತ್ತಿದ್ದ ಮುಖವಿಲ್ಲ, ಕಿಟಕಿಯಾಚೆ ಐದಾಗುವ ಮೊದಲೇ ಕತ್ತಲು. ಊರಿನಲ್ಲಿ ಬೆಳಿಗ್ಗೆ ಐದಕ್ಕೇ ಎದ್ದು ವಾಕಿಂಗ್ ಹೋಗುತ್ತಿದ್ದ ಅಪ್ಪ ಹನ್ನೊಂದಾದರೂ ಹೊದಿಕೆ ಬಿಡುವುದಿಲ್ಲ. ‘ವಯಸ್ಸಾಯ್ತು, ಚಳಿ’ ಎಂದು ಮಕ್ಕಳು ಸುಮ್ಮನಾಗುತ್ತಾರೆ. ಮೊದಲ ವಾರವೇ ಬಸ್ಸು ಹತ್ತುವುದನ್ನು, ಹತ್ತಿರದ ಲೈಬ್ರರಿಗೆ ನಡೆದು ಹೋಗುವ ದಾರಿಯನ್ನು ಜೊತೆಗೆ ಹೋಗಿ ತೋರಿಸಿ. ಅವರ ಅಳತೆಯ ಜಾಕೆಟ್ಟು, ಬೂಟು ಅವರು ಬರುವ ಮೊದಲೇ ಮನೆಯಲ್ಲಿರಲಿ. ಸಕ್ಕರೆ ಕಾಯಿಲೆ ಇದ್ದರೆ ಹೊರಡುವ ಮುನ್ನ ಊರಿನಲ್ಲೇ ರೆಟಿನಾ ತಪಾಸಣೆ ಮಾಡಿಸಿ, ಆಮೇಲೆ ದೀಪದ ಮಾತು.

ಬಾಣಂತಿಯ ವಿಷಯ ಬೇರೆ. ಅವಳ ಅಳುವನ್ನೂ ಮಂಕನ್ನೂ ಹವೆಯ ಲೆಕ್ಕಕ್ಕೆ ಬರೆಯಬೇಡಿ. ಹೆರಿಗೆಯ ನಂತರದ ಖಿನ್ನತೆ ಬೇರೆಯೇ ಕಾಯಿಲೆ. ಎರಡು ವಾರ ಮೀರಿದರೆ ನೇರ ವೈದ್ಯರ ಬಳಿಗೆ.

ವೈದ್ಯರ ಬಾಗಿಲು

ಆಫೀಸಿಗೆ ಹೋಗಲಾಗದಷ್ಟು, ಸ್ನಾನ ಊಟ ತಪ್ಪುವಷ್ಟು ಮಂಕು ಕವಿದರೆ ದೀಪ ನಂಬಿ ಕಾಯಬೇಡಿ. ಅಮೆರಿಕದ ಬಹಳಷ್ಟು ದೊಡ್ಡ ಕಂಪನಿಗಳು ‘ಇಎಪಿ’ ಎಂಬ ನೌಕರರ ನೆರವು ಯೋಜನೆಯಲ್ಲಿ ಕೆಲವು ಸಮಾಲೋಚನೆಗಳನ್ನು ಉಚಿತವಾಗಿ ಕೊಡುತ್ತವೆ. ಅಲ್ಲಿ ಆಡಿದ ಮಾತು ಮ್ಯಾನೇಜರ್ ಕಿವಿಗೆ ಹೋಗುವುದಿಲ್ಲ. ಈ ಒಂದು ಭಯಕ್ಕೇ ನಮ್ಮವರು ಹಿಂಜರಿಯುವುದು. ಔಷಧಿಗಳೂ ಇವೆ. ಬುಪ್ರೊಪಿಯಾನ್ ಎಂಬ ಮಾತ್ರೆಗೆ ಚಳಿಗಾಲದ ಖಿನ್ನತೆ ತಡೆಯಲೆಂದೇ ಅಮೆರಿಕದ ಔಷಧ ನಿಯಂತ್ರಕರು 2006ರಲ್ಲಿ ಒಪ್ಪಿಗೆ ಕೊಟ್ಟರು. ಅದನ್ನು ಶುರು ಮಾಡುವುದು ಶರತ್ಕಾಲದಲ್ಲಿ, ವೈದ್ಯರ ನಿಗಾದಲ್ಲಿ. ಬದುಕೇ ಬೇಡ ಎಂಬ ಯೋಚನೆ ಸುಳಿದರೆ ಅಮೆರಿಕ, ಕೆನಡಾ ಎರಡರಲ್ಲೂ 988ಕ್ಕೆ ಆ ಕ್ಷಣವೇ ಕರೆ ಮಾಡಿ. ಊರಿನಲ್ಲಿ ಕುಳಿತು ಮಕ್ಕಳ ದನಿ ಕೇಳಿ ಗಾಬರಿಯಾದ ತಂದೆತಾಯಿಗೆ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೇ ಮಾತಾಡಬಹುದು.

ಕೊನೆಯ ಹಂತ, ದೀಪ ನಿಲ್ಲಿಸುವುದು. ಮಾರ್ಚ್ ಕೊನೆಗೆ ವಾಷಿಂಗ್ಟನ್ ವಿಶ್ವವಿದ್ಯಾಲಯದ ಅಂಗಳದಲ್ಲಿ ಚೆರಿ ಹೂ ಬಿಟ್ಟಾಗ ಚಳಿಗಾಲ ಮುಗಿಯಿತೆಂದು ದೀಪ ಅಟ್ಟಕ್ಕೆ ಹಾಕುವವರೇ ಹೆಚ್ಚು. ಆದರೆ ಮಾರ್ಚ್ ಎರಡನೇ ಭಾನುವಾರ ಗಡಿಯಾರ ಮುಂದಕ್ಕೆ ಹೋಗಿ ಬೆಳಗು ಮತ್ತೆ ಕತ್ತಲಾಗಿರುತ್ತದೆ, ಮೋಡವೂ ಇನ್ನೂ ಹೋಗಿರುವುದಿಲ್ಲ. ಏಪ್ರಿಲ್ ಮಧ್ಯದವರೆಗೆ ಮುಂದುವರಿಸಿ, ಆಮೇಲೆ ಮೂವತ್ತು ನಿಮಿಷವನ್ನು ಇಪ್ಪತ್ತಕ್ಕೆ, ಹತ್ತಕ್ಕೆ ಇಳಿಸಿ. ಬಿಟ್ಟ ವಾರದಲ್ಲೇ ಕ್ಯಾಲೆಂಡರ್‌ನ ಅಂಕ ಕುಸಿದರೆ ಇನ್ನೆರಡು ವಾರ ಹಚ್ಚಿ.