ಸಂಗೀತದ ಉಪಾಧ್ಯಾಯಿನಿಯರಾಗಬಯಸುವವರಿಗೆ

ಪ್ರಾರ್ಥನಾ ಕೂಟದಲ್ಲಿ ಇಂಪಾಗಿ ಹಾಡುವ ಹುಡುಗಿಯು ಮುಂದೆ ಆ ವಿದ್ಯೆಯಿಂದಲೇ ಜೀವನ ಸಾಗಿಸಬಹುದೋ ಎಂದು ತಾಯಿತಂದೆಗಳು ಕೇಳುವದುಂಟು. ಇದು ಅನ್ನದ ಪ್ರಶ್ನೆಯಾದದರಿಂದ ಹಗುರಾಗಿ ಎಣಿಸತಕ್ಕದ್ದಲ್ಲ. ಆದಕಾರಣ ಪ್ರೌಢಶಾಲೆಯಲ್ಲಿ ಸಂಗೀತದ ಉದ್ಯೋಗವನ್ನು ಹುಡುಕುವವರು ತಿಳಿದಿರಬೇಕಾದ ಕೆಲವು ಸಂಗತಿಗಳನ್ನು ಇಲ್ಲಿ ಹೇಳುವೆವು.

ಮೊದಲನೆಯದು ಪ್ರಮಾಣಪತ್ರ. ಕಂಠವು ಎಷ್ಟು ಮಧುರವಾಗಿದ್ದರೂ ಅದನ್ನು ಅರ್ಜಿಯ ಸಂಗಡ ಲಗತ್ತಿಸಲಾಗದು. ಕರ್ನಾಟಕ ಸಂಗೀತದವರಿಗೆ ನಮ್ಮ ರಾಜ್ಯದಲ್ಲಿ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳುಂಟು. ಹಿಂದೂಸ್ಥಾನಿಯವರಿಗೆ ಅಖಿಲ ಭಾರತೀಯ ಗಾಂಧರ್ವ ಮಹಾವಿದ್ಯಾಲಯ ಮಂಡಲದ ವಿಶಾರದ ಪರೀಕ್ಷೆಯುಂಟು. ಪಿಯಾನೋ ಕಲಿತವರಿಗೆ ಲಂಡನ್ನಿನ ಟ್ರಿನಿಟಿ ಕಾಲೇಜಿನ 8 ಶ್ರೇಣಿಗಳುಂಟು. ಮೈಸೂರಿನ ಗಂಗೂಬಾಯಿ ಹಾನಗಲ್ ವಿಶ್ವವಿದ್ಯಾನಿಲಯದಲ್ಲಿ ಸಂಗೀತದ ಪದವಿಯನ್ನೇ ಪಡೆಯಬಹುದು. ಯಾವ ಹುದ್ದೆಗೆ ಯಾವದು ಸಲ್ಲುವದೆಂಬದನ್ನು ನೇಮಕದ ಪ್ರಕಟಣೆಯಲ್ಲಿ ಓದಿಯೇ ಅರ್ಜಿ ಹಾಕಬೇಕು.

ಎರಡನೆಯದು ಸ್ಥಳ. 6ನೆಯ ತರಗತಿಯಿಂದ 12ನೆಯ ತರಗತಿಯ ವರೆಗಿನ ಜವಾಹರ ನವೋದಯ ವಿದ್ಯಾಲಯಗಳಲ್ಲಿ ಸಂಗೀತ ಶಿಕ್ಷಕರ ಹುದ್ದೆಯು ಪ್ರತ್ಯೇಕವಾಗಿದೆ. ಕೇಂದ್ರೀಯ ವಿದ್ಯಾಲಯಗಳಲ್ಲಾದರೋ ಈ ನೇಮಕವು ಪ್ರಾಥಮಿಕ ಶಿಕ್ಷಕರ ಶ್ರೇಣಿಯಲ್ಲಿ ನಡೆಯುವದು. ಖಾಸಗಿ ಶಾಲೆಗಳಲ್ಲಿ ಆಡಳಿತ ಮಂಡಳಿಯವರೇ ಆರಿಸಿಕೊಳ್ಳುವರು.

ಮೂರನೆಯದು ಮಾದರಿ ಪಾಠ. ಚೆನ್ನಾಗಿ ಹಾಡುವವರು ಎಡವುವದು ಬಹುಶಃ ಇಲ್ಲಿಯೇ. ತಮ್ಮ ವಿದ್ವತ್ತನ್ನು ತೋರಿಸಲು ದೀರ್ಘವಾದ ಆಲಾಪನೆಯನ್ನು ಮಾಡಿದರೆ ಮಕ್ಕಳು ಸುಮ್ಮನೆ ಕುಳಿತಿರುವರೇ ಹೊರತು ಏನನ್ನೂ ಕಲಿಯರು. ಚಿಕ್ಕದೊಂದು ಹಾಡನ್ನು ಆರಿಸಿ, ಮಕ್ಕಳ ಕಂಠಕ್ಕೆ ಒಪ್ಪುವ ಶ್ರುತಿಯನ್ನು ಹಿಡಿದು, ಒಂದೊಂದು ಸಾಲನ್ನು ಹೇಳಿಕೊಟ್ಟು, ತಪ್ಪಿದವಳನ್ನು ನಾಚಿಸದೆ ತಿದ್ದಬೇಕು. ಈ ವಯಸ್ಸಿನಲ್ಲಿ ಗಂಡುಮಕ್ಕಳ ಧ್ವನಿಯು ಒಡೆಯುವದರಿಂದ ಅವರನ್ನು ಮೇಲಿನ ಸ್ವರಕ್ಕೆ ಒತ್ತಾಯಿಸಬಾರದು.

ನಾಲ್ಕನೆಯದನ್ನು ಕೇಳಲು ನಮ್ಮ ಹೆಣ್ಣುಮಕ್ಕಳು ಸಂಕೋಚಪಡುವರು. ಸಂಬಳವೆಷ್ಟು, ಕೆಲಸವು ಖಾಯಮ್ಮೋ ತಾತ್ಕಾಲಿಕವೋ, ವೇಳಾಪಟ್ಟಿಯಲ್ಲಿ ಸಂಗೀತಕ್ಕೆ ವಾರಕ್ಕೆ ಎಷ್ಟು ಪಿರಿಯಡ್ಡುಗಳು ಎಂಬದನ್ನು ವಿನಯದಿಂದ ಕೇಳಿ, ಬರವಣಿಗೆಯಲ್ಲಿ ಪಡೆಯಬೇಕು. ಇಲ್ಲವಾದರೆ ವಾರ್ಷಿಕೋತ್ಸವ ಬಂದಾಗ ಮಾತ್ರ ಸಂಗೀತ, ಉಳಿದ ದಿನ ಬೇರೆಯವರ ತರಗತಿಯನ್ನು ಕಾಯುವದು ಎಂಬಂತಾಗುವದು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಕಲೆಗಳನ್ನು ಪಠ್ಯದಿಂದ ಹೊರಗಿಡಬಾರದೆಂದು ಹೇಳಿರುವದರಿಂದ ಹಾಗೆ ಕೇಳುವದು ಅಧಿಕಪ್ರಸಂಗವಲ್ಲ.

ತಾಯಿತಂದೆಗಳೇ, ಈ ದಾರಿಯು ಸುಲಭವೆಂದು ನಾವು ಹೇಳುವದಿಲ್ಲ. ಹುದ್ದೆಗಳು ಕೊಂಚ, ಕಾಯುವ ಕಾಲ ಹೆಚ್ಚು. ಆದರೆ ತಲಾಂತನ್ನು ನೆಲದಲ್ಲಿ ಹೂಳಿಟ್ಟ ಆಳಿನ ಕಥೆಯನ್ನು ನಾವೆಲ್ಲರೂ ಬಲ್ಲೆವು. ನಿಮ್ಮ ಮಗಳಿಗೆ ಕೊಡಲ್ಪಟ್ಟದ್ದನ್ನು ಭಯದಿಂದ ಹೂಳಿಡದೆ, ಸಿದ್ಧತೆಯಿಂದ ವೃದ್ಧಿಪಡಿಸಿರಿ.